ಬೇಕಾದ ದಿನದ ಗುಡಾಣ

ನಮ್ಮೂರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಪಾಪ ಅಂತಲ್ಲ, ಹೆಸರನ್ನೂ ಸುಮ್ಮಸುಮ್ಮನೆ ಖರ್ಚು ಮಾಡಬಾರದು ಅಂತ ನಮ್ಮೂರಿನ ಕಟ್ಟಳೆ. ಮನುಷ್ಯರ ಹೆಸರೂ ಅಷ್ಟೇ. ಹುಟ್ಟಿದಾಗ ಒಂದು ಇಡುತ್ತಾರೆ, ಆಮೇಲೆ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಎತ್ತಿಡುತ್ತಾರೆ. ಅದಕ್ಕೇ ನಮ್ಮ ಮನೆಯಲ್ಲಿ ಅವ್ವ ಬರೀ ಅವ್ವ. ಗೋಡೆಯಾಚೆ ಇರುವವಳು ಗೋಡೆ ಅತ್ತೆ. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕ ಕೈ ಯಾರದೋ ಅವರು ಕಿರಿಗೈ. ನಮ್ಮ ಮನೆಯ ಕಿರಿಗೈ ನಾನು.

ನಮ್ಮೂರಲ್ಲಿ ಬೆಂಕಿಕಡ್ಡಿಯನ್ನು ಉದ್ದಕ್ಕೆ ಸೀಳಿ ಎರಡು ಮಾಡುತ್ತಾರೆ. ಸೋಪು ಸವೆದು ಎಲೆಯಷ್ಟು ತೆಳುವಾದರೆ ಹೊಸ ಸೋಪಿನ ಬೆನ್ನಿಗೆ ಅಂಟಿಸುತ್ತಾರೆ. ಮೊಟ್ಟಮೊದಲ ಸೋಪಿನ ಚೂರು ಈಗಲೂ ನಮ್ಮ ಬಚ್ಚಲಲ್ಲಿ ಇದೆ ಅಂತ ಅಜ್ಜಿ ಆಣೆ ಇಟ್ಟು ಹೇಳುತ್ತಿದ್ದಳು. ಎರಡು ಮನೆಯ ನಡುಗೋಡೆಯಲ್ಲಿ ಒಂದು ತೂತು, ತೂತಿನಲ್ಲಿ ಒಂದೇ ದೀಪ. ಅರ್ಧ ಬೆಳಕು ನಮಗೆ, ಅರ್ಧ ಗೋಡೆ ಅತ್ತೆಗೆ. ಶಾಲೆಯಲ್ಲಿ ಮೇಷ್ಟ್ರು ಅರ್ಧ ಅಕ್ಷರ ಕಲಿಸಿ, "ಉಳಿದದ್ದು ಇರಲಿ, ಮುಂದಕ್ಕೆ ಬೇಕಾಗುತ್ತೆ" ಅಂತ ಪೆಟ್ಟಿಗೆಗೆ ಬೀಗ ಹಾಕಿದರು. ನಾನು ಮನೆಗೆ ಬಂದೆ.

ಇವೆಲ್ಲ ಚಿಲ್ಲರೆ ಉಳಿತಾಯ. ದೊಡ್ಡ ಕಟ್ಟಳೆ ಒಂದೇ.

ಪ್ರತಿ ಅಡುಗೆಮನೆಯ ಮೂಲೆಯಲ್ಲಿ ಎದೆಯೆತ್ತರದ ಒಂದು ಮಣ್ಣಿನ ಗುಡಾಣ. ಹೊಟ್ಟೆ ದೊಡ್ಡದು, ಕತ್ತು ಸಣ್ಣದು. ಎಸರಿಗೆ ಅಕ್ಕಿ ಹಾಕುವ ಮೊದಲು ಮೊರದಿಂದ ಒಂದು ಹಿಡಿ ಹಿಂದಕ್ಕೆ ತೆಗೆದು ಆ ಗುಡಾಣಕ್ಕೆ ಬಿಡಬೇಕು. ಬೆಳಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ. ದೊಡ್ಡವರ ಕೈ ಆ ಕತ್ತಿನಲ್ಲಿ ಇಳಿಯುವುದಿಲ್ಲ. ಕಿರಿಗೈ ಇಳಿಯುತ್ತದೆ, ಅದೂ ಮಣಿಕಟ್ಟಿನವರೆಗೆ. ಕೈ ತುಂಬಿ ಹೋಗಬೇಕು, ಒಳಗೆ ಬಿಚ್ಚಬೇಕು, ಬರಿದಾಗಿ ಬರಬೇಕು. ಹಾಕಿದ್ದನ್ನು ತೆಗೆಯುವ ಹಾಗಿಲ್ಲ. ತೆಗೆಯಬೇಕಾದರೆ ಗುಡಾಣ ಒಡೆಯಬೇಕು. ಒಡೆಯಬೇಕಾದರೆ ಬೇಕಾದ ದಿನ ಬರಬೇಕು.

ಬೇಕಾದ ದಿನ ಯಾವುದು ಅಂತ ಕೇಳಿಕೊಂಡು ಬರುವುದಕ್ಕೇ ಒಬ್ಬಳಿದ್ದಾಳೆ, ತಟ್ಟವ್ವ. ಅಮಾವಾಸ್ಯೆಯ ಬೆಳಗ್ಗೆ ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಬರುತ್ತಾಳೆ. ಅವಳ ಎಡಗಿವಿಗೆ ಹತ್ತಿ ತುರುಕಿ ಬಟ್ಟೆ ಕಟ್ಟಿರುತ್ತದೆ. ಅದು ಉಳಿತಾಯದ ಕಿವಿ, ಮುಪ್ಪು ಬಂದಾಗ ಬೇಕಾಗುತ್ತೆ ಅಂತ. ಅವಳಿಗಾಗಲೇ ಎಂಬತ್ತು.

ತಟ್ಟವ್ವ ಬೆರಳ ಗೆಣ್ಣಿನಿಂದ ಗುಡಾಣದ ಹೊಟ್ಟೆಗೆ ಒಂದೇ ಏಟು ತಟ್ಟುತ್ತಾಳೆ. ತುಂಬಿದ್ದರೆ ಧಪ್ ಅನ್ನುತ್ತದೆ, ಬಾಗಿಲಿಗೆ ಕುಂಕುಮ. ಖಾಲಿ ಇದ್ದರೆ ಠಣ್ ಅನ್ನುತ್ತದೆ. ಠಣ್ ಅಂದ ಮನೆಯ ಕಿರಿಗೈಯನ್ನು ತಟ್ಟವ್ವ ಕರೆದುಕೊಂಡು ಹೋಗುತ್ತಾಳೆ, ಊರಾಚೆಯ ದೊಡ್ಡ ಗುಡಾಣದ ಮನೆಗೆ. ಅಲ್ಲಿಗೆ ಹೋದ ಕೈ ತಿರುಗಿ ಬಂದು ಅವ್ವನ ಸೆರಗು ಹಿಡಿದದ್ದನ್ನು ಯಾರೂ ಕಂಡಿಲ್ಲ.

ತಟ್ಟಿದ ಮೇಲೆ ಕೇಳುತ್ತಾಳೆ: "ಇದೇನಾ ಆ ದಿನ?"

ಮನೆಯವರು ಹೇಳುತ್ತಾರೆ: "ಇದಲ್ಲ, ಇನ್ನೂ ಇದೆ."

ಗಂಡನನ್ನು ಮಣ್ಣು ಮಾಡಿ ಬಂದ ಮನೆಯಲ್ಲಿ ಕೇಳುತ್ತಾಳೆ. ಇದಲ್ಲ, ಇನ್ನೂ ಇದೆ. ಸೂರು ಕುಸಿದ ಮನೆಯಲ್ಲಿ ಕೇಳುತ್ತಾಳೆ. ಇದಲ್ಲ, ಇನ್ನೂ ಇದೆ. ಮಗು ಜ್ವರದಲ್ಲಿ ಬೇಯುತ್ತಿರುವ ತೊಟ್ಟಿಲ ಪಕ್ಕ ನಿಂತು ಕೇಳುತ್ತಾಳೆ. ತಾಯಿ ತೊಟ್ಟಿಲು ತೂಗುವುದನ್ನು ನಿಲ್ಲಿಸದೆ ಹೇಳುತ್ತಾಳೆ, ಇದಲ್ಲ, ಇನ್ನೂ ಇದೆ. ಇದಕ್ಕಿಂತ ಕೆಟ್ಟ ದಿನ ಎಲ್ಲೋ ಮುಂದೆ ಕೂತಿದೆ, ಅದಕ್ಕೆ ಇರಲಿ ಅಂತ. ಒಡೆದ ಗುಡಾಣ ಒಂದನ್ನೂ ನಾನು ಕಂಡಿರಲಿಲ್ಲ. ಮನೆಯ ಹಿರಿಯರು ಸತ್ತಾಗ ಗುಡಾಣವೂ ಅವರ ಜೊತೆ ಹೋಗುತ್ತದೆ, ಇಡಿಯಾಗಿ. ಮನೆಗೆ ಹೊಸ ಗುಡಾಣ ಬರುತ್ತದೆ.

ನಮ್ಮ ಅಜ್ಜಿ ಹಾಗೇ ಹೋದಳು. ಕೊನೆಯ ತಿಂಗಳು ಅವಳಿಗೆ ಗಂಜಿಯ ಆಸೆಯಾಗಿತ್ತು. ತಟ್ಟವ್ವ ಬಂದು ಕೇಳಿದಾಗ ಮಾತ್ರ ಎದ್ದು ಕೂತು, ಕೂದಲು ಸರಿಮಾಡಿಕೊಂಡು, "ಇದಲ್ಲ, ಇನ್ನೂ ಇದೆ" ಅಂದಳು. ಇರಲಿಲ್ಲ. ಮೂರನೇ ದಿನಕ್ಕೆ ಸತ್ತಳು. ಅಜ್ಜಿಯನ್ನು ಹೊರಲು ಇಬ್ಬರು ಸಾಕಾದರು. ಅವಳ ಗುಡಾಣ ಹೊರಲು ಆರು ಜನ ಬೇಕಾದರು.

ಗುಂಡಿಯ ಅಂಚಿನಲ್ಲಿ ನಿಂತು ನಾನು ತಟ್ಟವ್ವನ ದನಿ ತೆಗೆದು "ಇದೇನಾ ಆ ದಿನ?" ಅಂದೆ. ನನಗೆ ಯಾರ ದನಿ ಬೇಕಾದರೂ ಬರುತ್ತದೆ. ಮೇಷ್ಟ್ರ ಕೆಮ್ಮು, ಗೋಡೆ ಅತ್ತೆಯ ಗೊರಕೆ, ಬಾವಿಯ ರಾಟೆ, ಎಲ್ಲ. ಯಾರೂ ನಗಲಿಲ್ಲ. ಒಬ್ಬ ನನ್ನ ತಲೆಗೆ ಮೊಟಕಿದ. ಅವ್ವ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗುವೋ ಅಳುವೋ ನನಗೆ ಗೊತ್ತಾಗಲಿಲ್ಲ.

ಹದಿಮೂರನೇ ದಿನ ಮೂಲೆಯಲ್ಲಿ ಹೊಸ ಗುಡಾಣ ಕೂತಿತು. ಅದರ ಬಾಯೊಳಗೆ ಇಣುಕಿದೆ. ಕತ್ತಲು. "ಅಜ್ಜಿಯನ್ನ ತಿಂದೆ, ನಮ್ಮವ್ವನ್ನ ತಿನ್ನೋಕೆ ಬಿಡಲ್ಲ ಕಣೋ" ಅಂತ ಅದಕ್ಕೆ ಹೇಳಿದೆ. ಅವತ್ತಿನಿಂದ ನನ್ನ ಆಟ ಶುರುವಾಯಿತು.

ಆಟ ಸುಲಭ. ಮೊರದೊಳಗೆ ಕೈ ಹಾಕುತ್ತೇನೆ, ಬರಿಗೈ ಮುಷ್ಟಿ ಕಟ್ಟುತ್ತೇನೆ. ಮುಷ್ಟಿಯನ್ನು ಗುಡಾಣದ ಕತ್ತಿನೊಳಗೆ ಇಳಿಸುತ್ತೇನೆ. ನಾಲಿಗೆಯನ್ನು ಹಲ್ಲಿಗೆ ಒತ್ತಿ ಸರ್ರ್ ಅಂತ ಅಕ್ಕಿ ಬೀಳುವ ಸದ್ದು ಮಾಡುತ್ತೇನೆ. ಕೈ ಬರಿದಾಗಿ ಬರುತ್ತದೆ, ಬರಿದಾಗಿಯೇ ಹೋಗಿತ್ತಲ್ಲ! ಗುಡಾಣಕ್ಕೆ ಬೀಳಬೇಕಾಗಿದ್ದ ಅಕ್ಕಿ ಮೊರದಲ್ಲೇ ಉಳಿದು ಎಸರಿಗೆ ಬೀಳುತ್ತದೆ.

"ಹಾಕಿದೆಯೇನೇ?" ಅಂತ ಅವ್ವ ಒಲೆಯ ಮುಂದಿನಿಂದ ಕೇಳುತ್ತಾಳೆ.

"ಕೇಳಿಸಲಿಲ್ವಾ?"

"ಕೇಳಿಸ್ತು, ಕೇಳಿಸ್ತು. ಇವತ್ತು ದಪ್ಪಕ್ಕಿ ಅನ್ಸುತ್ತೆ, ದನಿ ಒರಟಾಗಿದೆ."

"ನಂಗೆ ನೆಗಡಿ ಕಣವ್ವ" ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡೆ.

"ಓ, ಅಕ್ಕಿಗೂ ನೆಗಡಿ ಆಗುತ್ತಾ?" ಅಂದಳು ಅವ್ವ. ಒಲೆಯ ಕಡೆಗೇ ಮುಖ ಮಾಡಿದ್ದಳು.

ಅವ್ವ ಊರ ಕಣಜದಲ್ಲಿ ಅಕ್ಕಿ ಕೇರುವವಳು. ಕೇರಿದರೆ ದಿನಕ್ಕೆ ಎರಡು ಪಾವು ಅಕ್ಕಿ, ಕೇರದಿದ್ದರೆ ಏನೂ ಇಲ್ಲ. ನಾನು ಆಟ ಶುರು ಮಾಡಿದ ಮೇಲೆ ನನ್ನ ತಟ್ಟೆಯಲ್ಲಿ ಅನ್ನದ ಗುಡ್ಡೆ ಎತ್ತರವಾಯಿತು.

"ನೀನು ಉಣ್ಣಲ್ವಾ?" ಅಂದರೆ, "ನಾನು ಆಮೇಲೆ ಉಣ್ತೀನಿ. ಪಾತ್ರೇಲಿ ಬೇಕಾದಷ್ಟಿದೆ, ನೀನು ಏಳು" ಅನ್ನುತ್ತಿದ್ದಳು.

ಇರದೆ ಏನು, ನಾನು ಉಳಿಸಿದ್ದಲ್ಲವಾ ಅಂತ ಹೆಮ್ಮೆಯಿಂದ ಕೈ ತೊಳೆದು ಬೀದಿಗೆ ಓಡುತ್ತಿದ್ದೆ. ಊರೆಲ್ಲ ಗುಡಾಣಕ್ಕೆ ಉಳಿಸುತ್ತಿದ್ದರೆ ನಾನು ಗುಡಾಣದಿಂದ ಉಳಿಸುತ್ತಿದ್ದೆ.

ಹೊಸ ಗುಡಾಣವನ್ನು ಆರು ಅಮಾವಾಸ್ಯೆ ತಟ್ಟುವುದಿಲ್ಲ. ಏಳನೆಯದಕ್ಕೆ ತಟ್ಟವ್ವ ಬಂದಳು. ನಾನು ಗುಡಾಣದ ಹಿಂದೆ, ಮೂಲೆಯ ಸಂದಿಯಲ್ಲಿ ಕೂತಿದ್ದೆ. ಅವಳ ಗೆಣ್ಣು ಗುಡಾಣಕ್ಕೆ ತಾಗುವ ಹೊತ್ತಿಗೆ ಸರಿಯಾಗಿ, ಕೆನ್ನೆ ಉಬ್ಬಿಸಿ, ಗಂಟಲ ಆಳದಿಂದ ಅಂದೆ, ಧಪ್!

ತಟ್ಟವ್ವ ತಲೆಯಾಡಿಸಿದಳು. "ಒಳ್ಳೆ ಮನೆ. ಇದೇನಾ ಆ ದಿನ?"

"ಇದಲ್ಲ, ಇನ್ನೂ ಇದೆ" ಅಂದಳು ಅವ್ವ. ಅವಳ ದನಿ ನಡುಗುತ್ತಿತ್ತು. ತಟ್ಟವ್ವ ಕುಂಕುಮ ಇಟ್ಟು ಬೀದಿ ದಾಟುವವರೆಗೂ ತಡೆದುಕೊಂಡಿದ್ದು, ಆಮೇಲೆ ನೆಲಕ್ಕೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಜ್ಜಿ ಸತ್ತ ಮೇಲೆ ಅವ್ವ ನಕ್ಕಿದ್ದು ಅದೇ ಮೊದಲು.

"ಏನೇ ಅದು, ಮುದಿ ಕಪ್ಪೆ ಕೂಗ್ದಂಗೆ!"

"ನಿಂಗೆ ಮೊದಲೇ ಗೊತ್ತಿತ್ತಾ?"

"ಆರು ತಿಂಗಳಿಂದ ಅಕ್ಕಿ ಬೀಳೋ ಸದ್ದಲ್ಲಿ ಎಂಜಲು ಹಾರ್ತಿದೆ, ಗೊತ್ತಾಗಲ್ವಾ?" ಕಣ್ಣೊರೆಸಿಕೊಂಡಳು. ಆಮೇಲೆ ನನ್ನನ್ನೇ ನೋಡಿದಳು. "ಅಲ್ವೇ, ಅವಳು ಒಂದು ದಿನ ಆ ಎಡಗಿವಿ ಬಿಚ್ಚಿದ್ರೆ?"

"ಮುಪ್ಪು ಬಂದ ಮೇಲೆ ತಾನೆ!" ಅಂದೆ. ಅವ್ವ ಮತ್ತೆ ನಕ್ಕಳು. ಈ ಸಲ ಸ್ವಲ್ಪವೇ.

ಅವತ್ತಿನಿಂದ ನಾವಿಬ್ಬರೂ ಕೂಡಿ ಊರನ್ನು ಏಮಾರಿಸುತ್ತಿದ್ದೇವೆ ಅಂತ ನನಗೆ ಖುಷಿಯೋ ಖುಷಿ. ಬೆಳಗ್ಗೆ ಸರ್ರ್, ಸಂಜೆ ಸರ್ರ್, ಅಮಾವಾಸ್ಯೆಗೆ ಧಪ್. ಪ್ರತಿ ಅಮಾವಾಸ್ಯೆಗೂ ನನ್ನ ಧಪ್ ಇನ್ನೂ ಜೋರಾಯಿತು. ಅಷ್ಟು ಜೋರು, ಗುಡಾಣ ತಾನು ಏನು ಅನ್ನುತ್ತದೆ ಅಂತ ನನಗೇ ಕೇಳಿಸುತ್ತಿರಲಿಲ್ಲ.

ಮಧ್ಯಾಹ್ನ ಕಣಜದಿಂದ ಬಂದ ಮೇಲೆ ಅವ್ವ ಗುಡಾಣದ ಪಕ್ಕ ನಿಲ್ಲುವುದನ್ನು ಒಂದೆರಡು ಸಲ ಕಂಡೆ. ಒಂದು ಕೈ ಸೆರಗಿನ ಗಂಟಿನಲ್ಲಿ, ಇನ್ನೊಂದು ಕೈಯ ಎರಡು ಬೆರಳು ಗುಡಾಣದ ಬಾಯಿಯ ಮೇಲೆ. ಬೆರಳು ಕೂಡುತ್ತಿತ್ತು, ಬಿಡುತ್ತಿತ್ತು. ಕೂಡುತ್ತಿತ್ತು, ಬಿಡುತ್ತಿತ್ತು. ಸದ್ದೇ ಇಲ್ಲ.

"ಏನವ್ವ, ಜಪಾನಾ?"

"ಹೂಂ. ನಿಂಗೆ ಬುದ್ಧಿ ಬರಲಿ ಅಂತ."

"ಹಂಗಾದ್ರೆ ಇನ್ನೂ ಭಾಳ ದಿನ ನಿಂತ್ಕೋಬೇಕು ನೀನು" ಅಂದು ಓಡಿಹೋದೆ.

ಹೀಗೇ ಒಂದು ವರ್ಷ ಕಳೆಯಿತು. ಅವ್ವನ ಸೀರೆ ಮೊದಲು ಒಂದು ಸುತ್ತು ಸುತ್ತುತ್ತಿದ್ದದ್ದು ಈಗ ಎರಡು ಸುತ್ತು ಬರುತ್ತಿತ್ತು. "ನೋಡು, ಬಟ್ಟೆ ಉಳಿತಾಯ" ಅಂದಳು. ಬಳೆಗಳು ಮೊಳಕೈವರೆಗೆ ಜಾರುತ್ತಿದ್ದವು. ಒಂದು ದಿನ ಎರಡಿದ್ದ ಹಸಿರು ಬಳೆಯಲ್ಲಿ ಒಂದೇ ಇತ್ತು.

"ಇನ್ನೊಂದೆಲ್ಲಿ?"

"ಖರ್ಚಾಯ್ತು."

ಗೋಡೆ ಅತ್ತೆ ದೀಪದ ತೂತಿನಲ್ಲಿ ಒಂದು ಕಣ್ಣು ಇಟ್ಟು ಕೇಳಿದಳು, "ಏನೇ ಕಿರಿಗೈ, ನಿಮ್ಮವ್ವ ದಿನಾ ಒಂದೊಂದು ಪದರ ಕಮ್ಮಿ ಆಗ್ತಿದಾಳಲ್ಲೇ. ಅವಳನ್ನೂ ಎತ್ತಿಡ್ತಿದೀರಾ?"

"ಹೂಂ ಅತ್ತೆ, ನಿಮ್ಮನೇಲಿ ಜಾಸ್ತಿ ಇದೀರಲ್ಲ, ಸರಿತೂಗಲಿ ಅಂತ" ಅಂದೆ. ಅವಳ ಕಣ್ಣು ತೂತಿನಿಂದ ಹೋಯಿತು. ನಾನು ನಗುತ್ತಾ ತಿರುಗಿದೆ. ಅವ್ವ ನಗುವುದಕ್ಕೆ ಗೋಡೆ ಹಿಡಿದುಕೊಳ್ಳಬೇಕಾಯಿತು.

ಅವ್ವ ಬಿದ್ದದ್ದು ಕಣಜದಲ್ಲಿ, ಮೊರ ಕೈಯಲ್ಲಿದ್ದಂತೆಯೇ. ಗೋಣಿಚೀಲದ ಮೇಲೆ ಮಲಗಿಸಿಕೊಂಡು ಇಬ್ಬರು ಹೆಂಗಸರು ತಂದು ಬಿಟ್ಟರು. ಎತ್ತಿ ತಂದವರಿಗೆ ಉಸಿರೂ ಏರಿರಲಿಲ್ಲ. ಅವ್ವನ ಮಾತು ನಿಂತಿತ್ತು. ಕಣ್ಣು ಮಾತ್ರ ನನ್ನ ಹಿಂದೆ ಹಿಂದೆ ತಿರುಗುತ್ತಿತ್ತು.

ಕೇರುವುದು ನಿಂತಿತು, ಅಕ್ಕಿ ನಿಂತಿತು. ಮೊದಲ ದಿನ ಪಾತ್ರೆಯ ತಳ ಕೆರೆದೆ. ಎರಡನೇ ದಿನ ಮೊರ ಕೊಡವಿ ನುಚ್ಚು ಆರಿಸಿದೆ. ಮೂರನೇ ದಿನ ಕಣಜಕ್ಕೆ ಹೋಗಿ ನಾನು ಕೇರುತ್ತೇನೆ ಅಂದರೆ, "ಕಿರಿಗೈಗೆ ಮೊರ ಹಿಡಿಯೋ ಹಾಗಿಲ್ಲ, ಹೋಗು" ಅಂದರು. ನಾಲ್ಕನೇ ದಿನ ದೀಪದ ತೂತಿಗೆ ಬಾಯಿಟ್ಟು ಕರೆದೆ.

"ಅತ್ತೆ, ಒಂದು ಹಿಡಿ ಅಕ್ಕಿ."

"ನಿಮ್ಮ ಗುಡಾಣ ತಿಂಗಳು ತಿಂಗಳೂ ಕುಂಕುಮ ಇಡಿಸ್ಕೊಳ್ಳುತ್ತಲ್ಲೇ. ಒಡೀರಿ."

"ನೀವು ಒಡೀತೀರಾ?"

ಆಚೆ ಪಾತ್ರೆಯ ಸದ್ದಾಯಿತು. ಆಮೇಲೆ ತೂತಿನಲ್ಲಿ ಒಂದು ದೊನ್ನೆ ಬಂತು. ಅದರಲ್ಲಿ ಗಂಜಿಯ ತಿಳಿ, ನಾಲ್ಕು ಗುಟುಕು. "ಅಮಾವಾಸ್ಯೆ ನಾಳೇನೇ" ಅಂದಳು ಗೋಡೆ ಅತ್ತೆ. "ತಟ್ಟವ್ವ ಕೇಳ್ತಾಳೆ. ಹೂಂ ಅಂದ್ಬಿಡು ಮಗಾ. ಯಾರಾದ್ರೂ ಒಬ್ಬರು ಹೂಂ ಅನ್ನಲಿ."

ಹೂಂ ಅನ್ನಬಹುದಿತ್ತು. ಅಂದರೆ ಗುಡಾಣ ಒಡೆಯುತ್ತಾರೆ. ಒಡೆದರೆ ಒಳಗೆ ಏನಿರುತ್ತದೆ? ಒಂದೂವರೆ ವರ್ಷದ ನನ್ನ ಬಾಯಿಸದ್ದು. ಅಲ್ಲೇ ನನ್ನ ಕೈ ಹಿಡಿದು ಎಳೆದುಕೊಂಡು ಹೋಗುತ್ತಾರೆ. ಅವ್ವನ ಬಾಯಿಗೆ ನೀರು ಬಿಡಲೂ ಯಾರೂ ಇರುವುದಿಲ್ಲ.

ಒಂದು ಸಲ ತಟ್ಟಿ ನೋಡಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ಖಾಲಿ ಅಂತ ಗೊತ್ತಿರುವ ಮನೆಯ ಬಾಗಿಲನ್ನು ಯಾರು ತಟ್ಟುತ್ತಾರೆ?

ಬೆಳಗ್ಗೆ ತಟ್ಟವ್ವ ಬಂದಳು. ಹೊಸಿಲಲ್ಲೇ ನಿಂತು ಚಾಪೆಯ ಮೇಲಿದ್ದ ಅವ್ವನನ್ನು ನೋಡಿದಳು. ಕುಂಕುಮದ ಬಟ್ಟಲು ಕೆಳಗಿಟ್ಟಳು. ಎರಡೂ ಕೈ ಎತ್ತಿ, ನಾನು ಹುಟ್ಟಿದಾಗಿನಿಂದ ಬಿಚ್ಚದ ಆ ಎಡಗಿವಿಯ ಬಟ್ಟೆ ಬಿಚ್ಚಿದಳು. ಹತ್ತಿ ತೆಗೆದಳು.

ಅವ್ವ ನನ್ನ ಕಡೆ ತಿರುಗಿದಳು. ತುಟಿ ಕೂಡಿಸಿದಳು. ಉಸಿರು ಒಟ್ಟುಮಾಡಿ, ಮೆಲ್ಲಗೆ, ಧಪ್ ಅಂದಳು. ಕಣ್ಣನ್ನು ಗುಡಾಣದ ಕಡೆ ಹೊರಳಿಸಿ, ಮತ್ತೆ ನನ್ನ ಕಡೆ ತಂದು, ಇನ್ನೊಂದು ಸಲ, ಧಪ್.

ಈ ಸ್ಥಿತಿಯಲ್ಲೂ ಆಟ ನೆನಪಿಸುತ್ತಿದ್ದಾಳಲ್ಲ ನಮ್ಮವ್ವ ಅಂತ ನನಗೆ ಅಳು ನುಗ್ಗಿ ಬಂತು. "ಗೊತ್ತು ಕಣವ್ವ" ಅಂತ ಕಣ್ಣಲ್ಲೇ ಹೇಳಿ ಗುಡಾಣದ ಹಿಂದಿನ ಸಂದಿಗೆ ನುಗ್ಗಿದೆ. ತಟ್ಟವ್ವ ತಟ್ಟಿದಳು. ಹೊಟ್ಟೆಯಲ್ಲಿ ಇದ್ದಬದ್ದ ಗಾಳಿಯನ್ನೆಲ್ಲ ಹಾಕಿ ನಾನು ಅಂದೆ, ಧಪ್!

ತಟ್ಟವ್ವ ತಲೆ ವಾಲಿಸಿದಳು. "ಎರಡು ಸಲ ಅಂತಲ್ಲೇ."

ಒಂದು ನನ್ನದು, ಇನ್ನೊಂದು ಚಾಪೆಯ ಮೇಲಿನ ಅವ್ವಂದು ಅಂದುಕೊಂಡೆ. ಸಂದಿಯಿಂದ ಹೊರಗೆ ಬಂದು, "ತುಂಬಿ ತುಳುಕ್ತಿದೆ ತಟ್ಟವ್ವ, ಅದಕ್ಕೆ" ಅಂದೆ.

"ತುಳುಕ್ತಿದ್ರೆ ಕೇಳ್ತೀನಿ. ದೊಡ್ಡೋಳಿಗೆ ಮಾತಿಲ್ಲ, ಕಿರಿಗೈ ಹೇಳಬೇಕು. ಇದೇನಾ ಆ ದಿನ?"

ಅವ್ವ ನನ್ನನ್ನೇ ನೋಡುತ್ತಿದ್ದಳು. ಗುಂಡಿಯ ಅಂಚಿನಲ್ಲಿ ಹಾಸ್ಯ ಮಾಡಿದವಳು ನಾನು. ಊರವರೆಲ್ಲ ಮಕ್ಕಿಕಾಮಕ್ಕಿ ಹೇಳುವ ಆ ಮಾತನ್ನು ಮೂಗಿನಲ್ಲಿ ಆಡಿ ತೋರಿಸುತ್ತಿದ್ದವಳು ನಾನು. ಈಗ ಅದೇ ಮಾತು ನನ್ನ ಬಾಯಲ್ಲಿ, ನನ್ನದೇ ದನಿಯಲ್ಲಿ ಬಂತು.

"ಇದಲ್ಲ, ಇನ್ನೂ ಇದೆ."

ತಟ್ಟವ್ವ ಹೋಗಲಿಲ್ಲ. "ಇನ್ನೊಂದು ಸಲ ಕೇಳ್ತೀನಿ, ನೋಡ್ಕೊಂಡು ಹೇಳು. ಇದೇನಾ ಆ ದಿನ?"

"ಇದಲ್ಲ, ಇನ್ನೂ ಇದೆ."

"ಮೂರನೇ ಸಲ ಕೇಳೋ ಪದ್ಧತಿ ಇಲ್ಲ, ಆದ್ರೂ ಕೇಳ್ತೀನಿ ಕಣೇ ಹುಡುಗಿ."

"ಇದಲ್ಲ ಅಂದ್ನಲ್ಲ!"

ತಟ್ಟವ್ವ ಬಾಗಿಲಿಗೆ ಕುಂಕುಮ ಇಟ್ಟಳು. ಅವಳು ಬೀದಿ ದಾಟಿದ ಮೇಲೂ ಅವ್ವನ ತುಟಿ ಕೂಡುತ್ತಿತ್ತು, ಬಿಡುತ್ತಿತ್ತು. ಧಪ್. ಧಪ್. "ಹೋದ್ಲು ಕಣವ್ವ, ಗೆದ್ವಿ. ಇನ್ನು ಸಾಕು" ಅಂತ ನಕ್ಕೆ. ಅವ್ವ ನನ್ನ ಕೈ ಹಿಡಿದು, ಬೆರಳು ಒಂದೊಂದಾಗಿ ಬಿಡಿಸಿ, ಅಂಗೈ ನೋಡಿ, ಮತ್ತೆ ಮಡಚಿದಳು. ಆಮೇಲೆ ಅವಳೂ ನಕ್ಕಳು. ಗೋಡೆಯ ದೀಪ ಹಚ್ಚುವ ಹೊತ್ತಿಗೆ ಆ ಕೈ ತಣ್ಣಗಾಗಿತ್ತು.

ಮಾರನೇ ದಿನ ಅವ್ವನಿಗೆ ಇಬ್ಬರು, ಗುಡಾಣಕ್ಕೆ ಆರು ಜನ ಬಂದು ನಿಂತರು. ಹೊತ್ತ ಕೂಡಲೇ ಹಗುರ ಗೊತ್ತಾಗುತ್ತದೆ, ಅವ್ವನ ಹೆಸರು ಕೆಡುತ್ತದೆ ಅಂತ ನಾನು ಮುಂದೆ ಹೋದೆ.

"ಇದಕ್ಕೆ ಆರು ಜನ ಯಾಕೆ, ನಾನೊಬ್ಬಳೇ ಎತ್ತುತ್ತೀನಿ."

"ತಮಾಷೆ ಸಾಕು, ಸರಿ ಆಚೆಗೆ" ಅಂದ ಅವರಲ್ಲೊಬ್ಬ.

ಗುಡಾಣವನ್ನು ಎರಡೂ ತೋಳಲ್ಲಿ ತಬ್ಬಿ ಎತ್ತಿದೆ. ಅದು ಅಲ್ಲಾಡಲಿಲ್ಲ. ಕಾಲು ಊರಿ ಮತ್ತೆ ಎತ್ತಿದೆ. ಅಲ್ಲಾಡಲಿಲ್ಲ. ಅದನ್ನು ತಬ್ಬಿಕೊಂಡು ಹಾಗೇ ನಿಂತೆ. ಆಮೇಲೆ ಬೆರಳು ಮಡಚಿ, ಜೀವಮಾನದಲ್ಲಿ ಮೊದಲ ಸಲ, ಗೆಣ್ಣಿನ ತುದಿಯಿಂದ ತಟ್ಟಿದೆ.

ಧಪ್.

ನನ್ನ ಬಾಯಿ ಮುಚ್ಚಿತ್ತು.

ಒನಕೆ ಯಾವಾಗ ಕೈಗೆ ಬಂತೋ ಗೊತ್ತಿಲ್ಲ. ಹಿಡಿಯಿರೋ ಅವಳನ್ನ ಅಂತ ಯಾರೋ ಕೂಗಿದರು. ಗುಡಾಣದ ಹೊಟ್ಟೆ ಬಿರಿಯಿತು. ಅಕ್ಕಿ ಬಂತು. ಒಲೆ ಮುಚ್ಚಿತು, ನನ್ನ ಕಾಲು ಮುಚ್ಚಿತು, ಚಾಪೆಯವರೆಗೆ ಹೋಗಿ ಅವ್ವನ ಪಾದ ಮುಚ್ಚಿತು. ಸರ್ರ್ ಅನ್ನುತ್ತಿತ್ತು. ನಾನು ಒಂದೂವರೆ ವರ್ಷ ಮಾಡಿದ ಸದ್ದಿಗೂ ಇದಕ್ಕೂ ಸಂಬಂಧವೇ ಇಲ್ಲ, ಇದು ತುಂಬಾ ಮೆತ್ತಗಿತ್ತು. ಒಂದೊಂದೇ ಕಾಳಾಗಿ ಒಳಗೆ ಹೋದದ್ದು ಒಟ್ಟಿಗೆ ಹೊರಗೆ ಬರುತ್ತಿತ್ತು. ಮೇಲಿನ ಅಕ್ಕಿಯ ಜೊತೆ ಒಂದು ಹಸಿರು ಬಳೆ ಉರುಳಿ ಬಂದು ನನ್ನ ಕಾಲ ಹತ್ತಿರ ನಿಂತಿತು.

ಬಳೆ ಎತ್ತಿ ಅವ್ವನ ಕೈಗೆ ಹಾಕಲು ಹೋದೆ. ಆ ಕೈಯನ್ನು ನನ್ನ ಕೈಯ ಮೇಲೆ ಇಟ್ಟು ನೋಡಿದೆ. ಅದು ನನ್ನ ಕೈಗಿಂತ ಚಿಕ್ಕದಾಗಿತ್ತು. ಮೊದಮೊದಲು ಎರಡು ಬೆರಳಲ್ಲಿ ಕಾಳು ಬಿಟ್ಟವಳು ಕೊನೆಗೆ ಕೈಯನ್ನೇ ಇಳಿಸಿ ಹಿಡಿ ಹಿಡಿಯಾಗಿ ಬಿಟ್ಟಿದ್ದಾಳೆ. ತಟ್ಟವ್ವ ಎಡಗಿವಿ ಬಿಚ್ಚುವ ದಿನಕ್ಕೆ ಅಂತ, ನನ್ನನ್ನು ಉಳಿಸಿಕೊಳ್ಳುವುದಕ್ಕೆ ಅಂತ, ನಾನು ನನ್ನ ತಟ್ಟೆಯ ಗುಡ್ಡೆ ಉಣ್ಣುತ್ತಿದ್ದಾಗ ತನ್ನ ತಟ್ಟೆಯನ್ನು ಇದರೊಳಗೆ ಸುರಿದಿದ್ದಾಳೆ. ನಮ್ಮ ಮನೆಯ ಕಿರಿಗೈ ಎಷ್ಟೋ ದಿನದಿಂದ ನಾನಾಗಿರಲಿಲ್ಲ.

ಅವ್ವ ಗುಡಾಣವಿಲ್ಲದೆ ಹೋದಳು. ಹೊಸ ಗುಡಾಣ ತಂದು ಬಾಗಿಲಲ್ಲಿಟ್ಟರು, ನಾನು ಒಳಗೆ ತರಲಿಲ್ಲ. ಬಾಯಿ ಮೇಲಾಗಿ ಅಲ್ಲೇ ಬಿದ್ದಿದೆ, ಕಾಗೆ ನೀರು ಕುಡಿಯುತ್ತದೆ. ದಿನಾ ಅವ್ವನ ಅಕ್ಕಿಯಲ್ಲಿ ಎರಡು ಪಾವು ಅಳೆದು ಅನ್ನ ಮಾಡುತ್ತೇನೆ, ಎರಡು ತಟ್ಟೆ ಇಡುತ್ತೇನೆ. ಒಂದನ್ನು ನಾನು ಉಣ್ಣುತ್ತೇನೆ. ಇನ್ನೊಂದನ್ನು ದೀಪದ ತೂತಿನಲ್ಲಿ ಆಚೆಗೆ ಕೊಡುತ್ತೇನೆ. ಗೋಡೆ ಅತ್ತೆ ತೆಗೆದುಕೊಳ್ಳುತ್ತಾಳೆ. ಖಾಲಿ ತಟ್ಟೆ ತೊಳೆದು ಕೊಡುತ್ತಾಳೆ.

ಮುಂದಿನ ಅಮಾವಾಸ್ಯೆಗೆ ತಟ್ಟವ್ವ ಮೊದಲು ಆಚೆ ಮನೆಗೆ ಹೋದಳು. ತೂತಿಗೆ ಕಿವಿಯಿಟ್ಟು ಕೂತೆ. ಧಪ್ ಅಂತು. ಕೇಳಿದಳು. ಗೋಡೆ ಅತ್ತೆಯ ದನಿ, ತಟ್ಟೆ ತೊಳೆಯುವಾಗಿನಷ್ಟೇ ಮೆತ್ತಗೆ: "ಇದಲ್ಲ, ಇನ್ನೂ ಇದೆ."

ಆಮೇಲೆ ತಟ್ಟವ್ವ ನಮ್ಮ ಮನೆಗೆ ಬಂದಳು. ಎರಡೂ ಕಿವಿ ಬಿಚ್ಚಿಕೊಂಡೇ ಬಂದಿದ್ದಳು. ಅಡುಗೆಮನೆಯ ಮೂಲೆಯಲ್ಲಿ ಗುಡಾಣ ಕೂತಿದ್ದ ಜಾಗದಲ್ಲಿ ಒಂದು ದುಂಡನೆಯ ಗುರುತು ಮಾತ್ರ ಇತ್ತು. ತಟ್ಟುವುದಕ್ಕೆ ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಗಾಳಿಯಲ್ಲೇ ಹಿಡಿದು ನಿಂತಳು. ಅವಳಿಗೆ ಬರುವುದು ಅದೊಂದೇ ಮಾತು, ಪಾಪ. ಅದನ್ನೇ ಕೇಳಿದಳು.

"ಇದೇನಾ ಆ ದಿನ?"

ಅವಳ ದನಿಯಲ್ಲೇ ಅಣಕಿಸಬಹುದಿತ್ತು. ಬಾಯಿ ಬರಲಿಲ್ಲ.

"ಇದಲ್ಲ ತಟ್ಟವ್ವ" ಅಂದೆ. "ಅದು ಹೋದ ಅಮಾವಾಸ್ಯೆಗೇ ಬಂದು ಹೋಯ್ತು."